ಕೊಟ್ಟು ಮುಗಿದ ಸಹಿ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಿಂದ. ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದೆ. ಅಮೆರಿಕದಲ್ಲಿ ಆಗ ರಾತ್ರಿಯಾಗುತ್ತಿದ್ದಿರಬೇಕು, ಒಂದರ ಹಿಂದೆ ಒಂದು ಸಂದೇಶ ಬರುತ್ತಿತ್ತು. ಮೊದಲು ಬರೆದವನು ಸ್ವಲ್ಪ ಯೋಚಿಸಿ ಬರೆದಿದ್ದ. ಇಂಥ ಗುರುಗಳು ಇನ್ನು ಸಿಗುವುದಿಲ್ಲ, ನಾನು ಇಂದು ಎಲ್ಲಿದ್ದೇನೋ ಅದಕ್ಕೆ ಅವರ ಒಂದು ಸಹಿ ಕಾರಣ ಎಂದು. ಎರಡನೆಯವನು ಅದನ್ನೇ ನಕಲು ಮಾಡಿ ಕೆಳಗೆ ತನ್ನ ಹೆಸರು ಹಾಕಿದ್ದ. ಮೂರನೆಯವಳೂ ಅದನ್ನೇ ಕಳಿಸಿದ್ದಳು. ಆಮೇಲೆ ಬಂದವೆಲ್ಲ ಅದೇ ಮಾತು, ಅದೇ ಅಲ್ಪವಿರಾಮ. ನಾನು ಗ್ಯಾಸ್ ಆರಿಸಿ ಅಡುಗೆಮನೆಯಲ್ಲೇ ಸ್ಟೂಲಿನ ಮೇಲೆ ಕುಳಿತೆ. ಅವರು ಇದನ್ನು ನೋಡಿದ್ದರೆ ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. "ಇರ್ಲಿ ಮಾರಾಯ್ರೆ. ಪಾಪ, ಅವರಿಗೆ ಟೈಮ್ ಎಲ್ಲಿ ಉಂಟು?"

ನಾವಿಬ್ಬರೂ ನವಿ ಮುಂಬೈಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದೆವು. ಅವರು ಮೆಕ್ಯಾನಿಕಲ್ ವಿಭಾಗದಲ್ಲಿ, ನಾನು ಮೊದಲ ವರ್ಷದ ಮಕ್ಕಳಿಗೆ ಗಣಿತ. ಇಬ್ಬರ ಮನೆಯೂ ಡೊಂಬಿವಲಿ. ಬೆಳಿಗ್ಗೆ ಅಲ್ಲಿಂದ ಠಾಣೆಯವರೆಗೆ ನಾನು ಲೇಡೀಸ್ ಡಬ್ಬಿಯಲ್ಲಿ, ಅವರು ಜನರಲ್ ಡಬ್ಬಿಯಲ್ಲಿ ನಿಂತು ಬರುತ್ತಿದ್ದೆವು. ಠಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯಬೇಕು. ಅದು ಅಲ್ಲಿಂದಲೇ ಹೊರಡುವ ಗಾಡಿಯಾದ್ದರಿಂದ ಕೂರಲು ಜಾಗ ಸಿಗುತ್ತಿತ್ತು. ಅವರು ಕಿಟಕಿಯ ಪಕ್ಕ ಕುಳಿತು ಎದುರಿನ ಸೀಟಿನ ಮೇಲೆ ತಮ್ಮ ಕೊಡೆ ಇಟ್ಟು ನನಗಾಗಿ ಹಿಡಿದಿರುತ್ತಿದ್ದರು. ಮಳೆಗಾಲ ಮುಗಿದರೂ ಕೊಡೆ ತರುತ್ತಿದ್ದುದು ಅದಕ್ಕೇ ಎಂದು ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಉಡುಪಿ ಕಡೆಯವರು. ಮನೆಯಲ್ಲಿ ತುಳು, ಕಾಲೇಜಿನಲ್ಲಿ ಹಿಂದಿ ಇಂಗ್ಲಿಷು, ನನ್ನ ಜೊತೆ ಮಾತ್ರ ಕನ್ನಡ. ನನ್ನದು ವಿಜಯಪುರದ ಕನ್ನಡ. ನಾನು "ಯಾಕ್ರೀ ಸರ್" ಅಂದರೆ ಸಾಕು, "ನಿಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳಿದ್ರೂ ಜಗಳಕ್ಕೆ ಬಂದ ಹಾಗೆ ಕೇಳ್ತದೆ" ಎನ್ನುತ್ತಿದ್ದರು.

ನವೆಂಬರ್ ಬಂತೆಂದರೆ ಠಾಣೆಯ ಆ ಪ್ಲಾಟ್‌ಫಾರ್ಮಿನ ಮೆಟ್ಟಿಲ ಕೆಳಗೆ ಹುಡುಗ ಹುಡುಗಿಯರು ಫೈಲು ಹಿಡಿದು ಕಾಯುತ್ತಿದ್ದರು. ಪರದೇಶಕ್ಕೆ ಎಂಎಸ್ ಮಾಡಲು ಅರ್ಜಿ ಹಾಕುವವರು. ಅವರಿಗೆ ಬೇಕಾದದ್ದು ಶಿಫಾರಸು ಪತ್ರ. ಮಕ್ಕಳ ಬಾಯಲ್ಲಿ ಅದು 'ರೆಕೋ'. ನಮ್ಮ ಕಡೆಯ ಕಾಲೇಜುಗಳಲ್ಲಿ ಅದರ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆದು ತರಬೇಕು, ಮೇಷ್ಟ್ರು ಸಹಿ ಹಾಕಬೇಕು. ಸೀನಿಯರ್‌ಗಳ ಪತ್ರ ಜೂನಿಯರ್‌ಗಳಿಗೆ ಬರುತ್ತಿತ್ತು, ಹೆಸರು ಬದಲಾಗುತ್ತಿತ್ತು. ಕೆಲವು ಮೇಷ್ಟ್ರುಗಳು ಟಾಪರ್‌ಗಳಿಗೆ ಮಾತ್ರ ಕೊಡುತ್ತಿದ್ದರು. ಕೆಲವರು ತಿಂಗಳುಗಟ್ಟಲೆ ಬಾಗಿಲಲ್ಲಿ ನಿಲ್ಲಿಸಿ, ತಮ್ಮ ಪೇಪರ್ ತಿದ್ದಿಸಿಕೊಂಡು, ಆಮೇಲೆ ಕೊಡುತ್ತಿದ್ದರು. ಇವರು ಯಾರನ್ನೂ ನಿಲ್ಲಿಸಲಿಲ್ಲ. "ಗಾಡಿ ಹತ್ತು" ಎನ್ನುತ್ತಿದ್ದರು. ಮಕ್ಕಳೂ ಹತ್ತಿಬಿಡುತ್ತಿದ್ದರು.

ಅವರ ಅಂಗೈ ಯಾವಾಗಲೂ ಬೆವರುತ್ತಿತ್ತು. ಸಹಿ ಮಾಡುವ ಮುಂಚೆ ಕರ್ಚೀಫಿನಿಂದ ಬಲಗೈ ಒರೆಸಿ, ಅದನ್ನೇ ಮಡಚಿ ಕಾಗದದ ಮೇಲಿಟ್ಟು, ಅದರ ಮೇಲೆ ಕೈಯೂರಿ ಸಹಿ ಹಾಕುತ್ತಿದ್ದರು. ಆಮೇಲೆ ಲಕೋಟೆ ಅಂಟಿಸಿ ಅಂಟಿನ ಮೇಲೆ ಇನ್ನೊಂದು ಸಹಿ. ಪತ್ರ ಓದುತ್ತಿರಲಿಲ್ಲ. ಕಳ್ವಾದ ಬೆಟ್ಟದ ಕೆಳಗೆ ಗಾಡಿ ತಿರುಗುವಾಗ ಪೆನ್ನು ಜಾರುತ್ತಿತ್ತು. "ಅಮೆರಿಕದವರು ಈ ಮೇಷ್ಟ್ರಿಗೆ ಕೈ ನಡುಗುವ ಕಾಯಿಲೆ ಉಂಟು ಅಂತ ತಿಳ್ಕೊಂಡಿರ್ತಾರೆ" ಎಂದು ನಗುತ್ತಿದ್ದರು.

ಒಂದು ಸಲ ಕೇಳಿದೆ. "ಅಲ್ರೀ ಸರ್, ಓದದೇ ಹ್ಯಾಂಗ ಸಹಿ ಹಾಕ್ತೀರಿ? ಎಲ್ಲಾರೂ ಹ್ಯಾಂಗ ಬೆಸ್ಟ್ ಸ್ಟೂಡೆಂಟ್ ಆಗ್ತಾರ?"

"ಅವರವರ ತಾಯಿಗೆ ಎಲ್ಲರೂ ಬೆಸ್ಟೇ ಅಲ್ವಾ? ನನ್ನ ಸಹಿಗೆ ಎಂತ ಖರ್ಚುಂಟು? ಶಾಯಿ ಮಾತ್ರ."

ಕಾರಣ ಹೇಳಿದ್ದು ಬಹಳ ಕಾಲದ ಮೇಲೆ, ಘಣಸೋಲಿಯ ಹತ್ತಿರ ಸಿಗ್ನಲ್ ಕೆಟ್ಟು ಗಾಡಿ ನಿಂತಿದ್ದ ದಿನ. ಅವರು ಎಂಜಿನಿಯರಿಂಗ್ ಮುಗಿಸಿದ ವರ್ಷ ಒಂದು ದೊಡ್ಡ ಸಂಸ್ಥೆಗೆ ಮೇಲಿನ ಓದಿಗೆ ಅರ್ಜಿ ಹಾಕಿದ್ದರಂತೆ. ಅವರ ಪ್ರೊಫೆಸರರ ಒಂದು ಪತ್ರ ಬೇಕಿತ್ತು. ಅವರು ನಾಳೆ ಬಾ ಎಂದರು, ಇವರು ಮರುದಿನ ಹೋದರು. ಮನೆಯ ಜಗಲಿಯಲ್ಲಿ ಕೂತರು. ಪ್ರೊಫೆಸರರ ತೆಂಗಿನಕಾಯಿ ಸುಲಿದುಕೊಟ್ಟರು. ಕೊನೆಗೊಂದು ಬೆಳಿಗ್ಗೆ ಹೋದಾಗ ಬಾಗಿಲಿಗೆ ಬೀಗ. ಪ್ರೊಫೆಸರರು ಮದುವೆಗೆಂದು ಊರಿಗೆ ಹೋಗಿದ್ದರು. ಅವರು ಮರಳಿದಾಗ ಕೊನೆಯ ದಿನಾಂಕ ಕಳೆದಿತ್ತು. ಆಮೇಲೆ ಇವರು ಕಲ್ಯಾಣದಲ್ಲಿದ್ದ ಸೋದರಮಾವನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತರು, ಪಾರ್ಟ್‌ಟೈಮಿನಲ್ಲಿ ಓದಿದರು, ಮೇಷ್ಟ್ರಾದರು.

"ಅವರಿಗೆ ನನ್ನ ಮೇಲೆ ದ್ವೇಷ ಇರ್ಲಿಲ್ಲ ಮೇಡಮ್. ಅವರಿಗೆ ನೆನಪೇ ಇರ್ಲಿಲ್ಲ." ಇಷ್ಟು ಹೇಳಿ ಹೊರಗೆ ನೋಡಿದರು. ಗಾಡಿ ಹೊರಟಿತು.

ಆಮೇಲೆ ಲಕೋಟೆಗಳು ಹೋಗಿ ಎಲ್ಲವೂ ಆನ್‌ಲೈನ್ ಆಯಿತು. ಅರ್ಜಿ ಹಾಕುವವರು ಮೇಷ್ಟ್ರ ಈಮೇಲ್ ಕೊಡಬೇಕು, ವಿಶ್ವವಿದ್ಯಾಲಯ ಅಲ್ಲಿಗೆ ಒಂದು ಲಿಂಕ್ ಕಳಿಸುತ್ತದೆ, ಮೇಷ್ಟ್ರು ಅದರೊಳಗೆ ಹೋಗಿ ಪತ್ರ ಹಾಕಬೇಕು. ನಮ್ಮ ಕಾಲೇಜು ಮೇಷ್ಟ್ರುಗಳಿಗೆ ಈಮೇಲ್ ಕೊಟ್ಟಿರಲಿಲ್ಲ. ಇವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಒಬ್ಬ ಹುಡುಗ, ಸರ್ ನಿಮ್ಮ ಹೆಸರಿನಲ್ಲಿ ನಾನೇ ಒಂದು ಐಡಿ ಮಾಡುತ್ತೇನೆ ಎಂದ. ಮಾಡು ಎಂದರು. ಪಾಸ್‌ವರ್ಡ್ ಹೇಳಲು ಬಂದನಂತೆ. "ನನಗೆಂತಕ್ಕೆ? ನಿಮಗೆ ನೆನಪಿದ್ರೆ ಸಾಕು."

ಆ ಪಾಸ್‌ವರ್ಡ್ ಬ್ಯಾಚಿನಿಂದ ಬ್ಯಾಚಿಗೆ ದಾಟಿತು. ಮಕ್ಕಳೇ ಒಳಗೆ ಹೋಗಿ, ತಮ್ಮ ಪತ್ರ ತಾವೇ ಹಾಕಿ, ತರಗತಿಯ ಮೊದಲ ಶೇಕಡಾ ಐದರೊಳಗಿನ ವಿದ್ಯಾರ್ಥಿ ಎಂಬ ಚೌಕಕ್ಕೆ ತಾವೇ ಗುರುತು ಮಾಡಿ ಬರುತ್ತಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಈಗ ಫೈಲುಗಳಿರಲಿಲ್ಲ. ಯಾರಾದರೂ ಓಡಿ ಬಂದು, "ಸರ್, ಆಪ್ ಕೀ ತರಫ್ ಸೇ ಭೇಜ್ ದಿಯಾ" ಎನ್ನುತ್ತಿದ್ದರು. ನಿಮ್ಮ ಕಡೆಯಿಂದ ಕಳಿಸಿಬಿಟ್ಟೆ ಎಂದು. ಇವರು ಒಳ್ಳೆಯದಾಗಲಿ ಎಂದು ಕೊಡೆ ಎತ್ತಿ ತೋರಿಸುತ್ತಿದ್ದರು.

ಸವಿತಾ ಬಂದದ್ದು ಅವರ ನಿವೃತ್ತಿ ಹತ್ತಿರವಾಗಿದ್ದಾಗ. ವಿಠ್ಠಲವಾಡಿಯ ಹುಡುಗಿ, ತಂದೆ ಕಲಬುರಗಿ ಕಡೆಯಿಂದ ಬಂದ ಗೋಡೆ ಕಟ್ಟುವ ಗವಂಡಿ. ಮೊದಲ ವರ್ಷ ನನ್ನ ತರಗತಿಯಲ್ಲಿದ್ದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಅಂಕಗಳು ಸಾಧಾರಣ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇವರು ಗೈಡು. ಅವಳ ವಿಷಯ, ಸಿಮೆಂಟ್ ಪತ್ರಾ, ಎಂದರೆ ಶೀಟು, ಹೊದಿಸಿದ ಮಾಡಿನ ಕೆಳಗಿನ ಸೆಕೆಯನ್ನು ಕಡಿಮೆ ಮಾಡುವುದು. ಉಲ್ಹಾಸನಗರದ ಜೀನ್ಸ್ ಹೊಲಿಯುವ ವರ್ಕ್‌ಶಾಪುಗಳ ಹಿಂದೆ ರಾಶಿ ಬಿದ್ದಿರುವ ಬಟ್ಟೆಯ ಚೂರುಗಳನ್ನು ತಂದು, ಗೋಣಿಯಲ್ಲಿ ತೆಳ್ಳಗೆ ತುಂಬಿ, ತನ್ನ ಮನೆಯ ಪತ್ರಾದ ಕೆಳಗೇ ಕಟ್ಟಿದ್ದಳು.

"ಬೆಂಕಿ ಬಿದ್ದರೆ?" ಎಂದು ಇವರು ಕೇಳಿದರಂತೆ. ಮುಂದಿನ ವಾರ ಅವಳು ಒಂದು ಗೋಣಿಚೂರು ತಂದು, ಲ್ಯಾಬಿನ ಹೊರಗೆ ನಿಂತು ಕಡ್ಡಿ ಗೀರಿ ಹಿಡಿದಳು. ಅದು ಕಪ್ಪಾಯಿತು, ಹೊತ್ತಿಕೊಳ್ಳಲಿಲ್ಲ. ಬೊರಾಕ್ಸ್ ನೀರಿನಲ್ಲಿ ಅದ್ದಿ ಒಣಗಿಸಿದ್ದಳು. ಅವರು ಅಂದು ಗಾಡಿಯಲ್ಲಿ ಇದನ್ನು ಹೇಳುವಾಗ ಎರಡು ಸಲ ಅಂಗೈ ಒರೆಸಿಕೊಂಡರು.

ಅಕ್ಟೋಬರಿನ ಸೆಕೆಯಲ್ಲಿ ಒಂದು ಮಧ್ಯಾಹ್ನ ಅವರು ವಿಠ್ಠಲವಾಡಿಗೆ ಹೋಗಿ ಆ ಮನೆಯಲ್ಲಿ ಕೂತರು. ಮೊದಲು ಪಕ್ಕದ ಮನೆಯಲ್ಲಿ, ಆಮೇಲೆ ಇವಳ ಮನೆಯಲ್ಲಿ, ಥರ್ಮಾಮೀಟರ್ ಹಿಡಿದು. ಅವಳ ತಂದೆ ಅಂದು ಕೆಲಸ ಬಿಟ್ಟು ಮನೆಯಲ್ಲಿದ್ದರು. ಅವರ ಮಾತನ್ನು ಇವರು ನನಗೆ ಅದೇ ಧಾಟಿಯಲ್ಲಿ ಆಡಿ ತೋರಿಸಿದ್ದರು. "ಇಕಿ ಹೇಳ್ದಂಗ ಕಟ್ಟೀನ್ರಿ ಸರ್. ಮೊದ್ಲ ನಕ್ಕೆ. ಈಗ ಮಧ್ಯಾಹ್ನ ಮಲಗಾಕ ಬಾಜೂ ಮನಿಯವ್ರು ಇಲ್ಲೇ ಬರ್ತಾರ. ನಮಗೇ ಜಾಗಾ ಇಲ್ಲ."

ಅವಳು ಇದೇ ವಿಷಯದಲ್ಲಿ ಕೆಲಸ ಮಾಡುವ ಪರದೇಶದ ಒಬ್ಬ ಪ್ರಾಧ್ಯಾಪಕರಿಗೆ ಬರೆದಿದ್ದಳು. ಅವರು ಉತ್ತರ ಕೊಟ್ಟಿದ್ದರು. ಅರ್ಜಿ ಹಾಕು, ಇಲಾಖೆ ಒಪ್ಪಿದರೆ ಫೀಸೂ ಇಲ್ಲ, ಖರ್ಚಿಗೂ ಇಲ್ಲಿಂದಲೇ ಕೊಡುತ್ತೇವೆ, ನಿನ್ನ ಗೈಡಿನ ಪತ್ರ ಮುಖ್ಯ ಎಂದು. ಅವಳಿಗೆ ಬೇರೆ ದಾರಿ ಇರಲಿಲ್ಲ. ಬ್ಯಾಂಕಿನವರು ಸಾಲಕ್ಕೆ ಮನೆಯ ಕಾಗದ ಕೇಳಿದ್ದರು. ಅವಳ ಮನೆಗೆ ಕಾಗದ ಇರಲಿಲ್ಲ.

ಅವಳೂ ಎಲ್ಲರಂತೆ ಸೀನಿಯರ್‌ಗಳ ಪತ್ರಕ್ಕೆ ತನ್ನ ಹೆಸರು ಹಾಕಿ ತಂದಳು. ನಾನು ಎದುರಿಗೇ ಇದ್ದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಅವರು ರೆಕೋ ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು. ಓದಿ ಮಡಚಿ ಅವಳ ಕೈಗೆ ಕೊಟ್ಟರು. "ಯೇ ತೂ ನಹೀಂ ಹೈ. ಮೈಂ ಲಿಖೂಂಗಾ." ಇದು ನೀನಲ್ಲ, ನಾನು ಬರೆಯುತ್ತೇನೆ.

ಅವಳಿಗೆ ಭಯವಾಯಿತು. ಅವರು ಆಚೆ ಹೋದ ಮೇಲೆ ನನ್ನನ್ನು ಕೇಳಿದಳು, "ಮ್ಯಾಡಮ್, ಸರ್ ಗುಸ್ಸಾ ಹೈಂ ಕ್ಯಾ?" ಸರ್‌ಗೆ ಸಿಟ್ಟು ಬಂದಿದೆಯೇ ಎಂದು.

ಆ ಪತ್ರವನ್ನು ಅವರು ಗಾಡಿಯಲ್ಲಿ ಬರೆದರು, ಮನೆಯಲ್ಲಿ ಊಟದ ಮೇಜಿನ ಮೇಲೆ ಬರೆದರು, ಹೊಡೆದುಹಾಕಿ ಮತ್ತೆ ಬರೆದರು. ಐರೋಲಿಯಲ್ಲಿ ಒಂದು ಇಂಗ್ಲಿಷ್ ಪದ ಕೇಳಿದರೆ ತುರ್ಭೆಯ ಹೊತ್ತಿಗೆ ಬೇಡ ಎನ್ನುತ್ತಿದ್ದರು. ಈ ಹುಡುಗಿ ತರಗತಿಯಲ್ಲಿ ಮೊದಲಿನವಳಲ್ಲ ಎಂದು ಶುರುವಾಗುತ್ತಿತ್ತು ಅದು. "ಸರ್, ಹಿಂಗ ಯಾರರ ಶುರು ಮಾಡ್ತಾರೇನ್ರೀ?" ಎಂದೆ. "ನಿಜ ಹೇಳಿ ಶುರು ಮಾಡಿದ್ರೆ ಮುಂದಿನದ್ದನ್ನೂ ನಂಬ್ತಾರೆ" ಎಂದರು. ಮುಂದಿನದು ಆ ಮಧ್ಯಾಹ್ನದ್ದು. ನಾನು ಅವಳ ಮಾಡಿನ ಕೆಳಗೆ ಕುಳಿತಿದ್ದೇನೆ, ಅಲ್ಲಿ ನೆರೆಯ ಮಕ್ಕಳು ನಿದ್ದೆ ಮಾಡುತ್ತಿದ್ದವು, ಇದಕ್ಕಿಂತ ಹೆಚ್ಚಿನ ಅಳತೆ ನನಗೆ ಗೊತ್ತಿಲ್ಲ ಎಂದು ಬರೆದಿದ್ದರು.

ಕಳಿಸಲು ಕಂಪ್ಯೂಟರ್ ಲ್ಯಾಬಿಗೆ ಹೋದೆವು. ಸವಿತಾಳೇ ಪಾಸ್‌ವರ್ಡ್ ಹಾಕಿಕೊಟ್ಟಳು. ಅವರು ತಮ್ಮ ಹೆಸರಿನ ಅಂಚೆಪೆಟ್ಟಿಗೆಯನ್ನು ಆವರೆಗೆ ನೋಡಿರಲಿಲ್ಲ. ಪತ್ರ ಹೋದ ಮೇಲೆ ಏಳಲಿಲ್ಲ. ಮಕ್ಕಳು ಅದರಲ್ಲಿ ಇಟ್ಟುಹೋಗಿದ್ದ ಹಳೆಯ ಪತ್ರಗಳನ್ನು ತೆರೆಯಲು ಹೇಳಿದರು. ನಾನು ಒಂದೊಂದೇ ತೆರೆದೆ. ನನ್ನ ಇಷ್ಟು ವರ್ಷಗಳ ಬೋಧನೆಯಲ್ಲಿ ಇಂಥ ವಿದ್ಯಾರ್ಥಿಯನ್ನು ಕಂಡಿಲ್ಲ. ಮುಂದಿನ ಪತ್ರದಲ್ಲಿಯೂ ಕಂಡಿರಲಿಲ್ಲ. ಅದರ ಮುಂದಿನದರಲ್ಲಿಯೂ. ಒಂದರಲ್ಲಿ ಯಾರೋ ವಿದೇಶಿ ಪ್ರಾಧ್ಯಾಪಕರು ಇವರಿಗೇ ನೇರವಾಗಿ ಬರೆದು ಒಬ್ಬ ಹುಡುಗನ ಬಗ್ಗೆ ಕೇಳಿದ್ದರು. ಆ ಹುಡುಗನೇ ಇವರಾಗಿ ಉತ್ತರ ಬರೆದಿದ್ದ, ಕೊನೆಗೆ ಅಲ್ಲಿಯ ಹವೆ ಹೇಗಿದೆ ಎಂದು ವಿಚಾರಿಸಿದ್ದ.

"ಇವ ನನಗಿಂತ ಚೆನ್ನಾಗಿ ನಾನಾಗಿದ್ದಾನೆ" ಎಂದರು. ನಗಲಿಲ್ಲ. ಇನ್ನೊಂದನ್ನು ತೆರೆಸಿ ಹೆಸರು ನೋಡಿ, "ಇವರಲ್ಲಿ ಅರ್ಧ ಜನರ ಮುಖ ನೆನಪಿಲ್ಲ ಮೇಡಮ್" ಎಂದರು.

ಜನವರಿಯಲ್ಲಿ ವಿಶ್ವವಿದ್ಯಾಲಯದಿಂದ ಸವಿತಾಳಿಗೆ ಉತ್ತರ ಬಂತು. ಈ ವಿಳಾಸದಿಂದ ಹಿಂದಿನ ವರ್ಷಗಳಲ್ಲಿ ಒಂದೇ ಮಾತುಗಳ ಪತ್ರಗಳು ಬಂದಿವೆ, ಆದ್ದರಿಂದ ಈ ಶಿಫಾರಸುದಾರರ ಪತ್ರಗಳನ್ನು ನಾವು ಪರಿಗಣಿಸುವುದಿಲ್ಲ, ಬೇರೊಬ್ಬ ಅಧ್ಯಾಪಕರಿಂದ ಪತ್ರ ಕಳಿಸಬಹುದು, ಎಂದು. ಮಾತು ಸೌಜನ್ಯದ್ದೇ. ಕೊನೆಯ ದಿನ ಹತ್ತಿರವಿತ್ತು.

ಅವರು ಪ್ರಿನ್ಸಿಪಾಲರ ಬಳಿ ಹೋಗಿ ಕಾಲೇಜಿನ ಹೆಸರಿನ ಈಮೇಲ್ ಕೇಳಿದರು. ನಾನು ಹೊರಗೆ ಬೆಂಚಿನ ಮೇಲಿದ್ದೆ, ಬಾಗಿಲು ತೆರೆದೇ ಇತ್ತು. "ಸರ್, ಆಪ್ ತೋ ರಿಟೈರ್ ಹೋ ರಹೇ ಹೋ," ಎಂದರು ಪ್ರಿನ್ಸಿಪಾಲರು, "ಅಬ್ ಈಮೇಲ್ ಕಾ ಕ್ಯಾ ಕರೋಗೇ?" ನಿವೃತ್ತರಾಗುವವರಿಗೆ ಈಗ ಈಮೇಲ್ ಏಕೆ ಎಂದು. ಮುಂದಿನ ವರ್ಷ ಎಲ್ಲರಿಗೂ ಮಾಡಿಸುವ ಯೋಚನೆ ಇದೆ ಎಂದರು.

ಅವರು ನೇರವಾಗಿ ಪ್ರಿನ್ಸಿಪಾಲರನ್ನೇ ಪತ್ರ ಬರೆಯಲು ಏಕೆ ಕೇಳಲಿಲ್ಲ ಎಂದರೆ, ಪ್ರಿನ್ಸಿಪಾಲರ ಹೆಸರಿನ ಪತ್ರ ಆಗಲೇ ಹೋಗಿತ್ತು. ವಿಭಾಗದ ಮುಖ್ಯಸ್ಥರದೂ ಹೋಗಿತ್ತು. ಎರಡೂ ಅವಳೇ ಬರೆದವು, ಸೀನಿಯರ್‌ಗಳ ಮಾತಿನಲ್ಲಿ. ಅವುಗಳ ಬಗ್ಗೆ ಯಾರೂ ಆಕ್ಷೇಪ ಎತ್ತಿರಲಿಲ್ಲ.

ಮರುದಿನ ಅವರು ಸ್ಟಾಫ್‌ರೂಮಿನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಕೈಯಲ್ಲಿ ತಾವು ಬರೆದ ಪತ್ರವಿತ್ತು. ಮಕ್ಕಳು ಹಿಡಿಯುವ ಹಾಗೆ, ಎರಡೂ ಕೈಯಲ್ಲಿ, ಎದೆಗೆ ಸ್ವಲ್ಪ ಕೆಳಗೆ.

"ಮೇಡಮ್, ಮೊದಲ ವರ್ಷದ ಮೇಷ್ಟ್ರ ಹತ್ರ ಯಾರೂ ರೆಕೋ ಕೇಳುವುದಿಲ್ಲ. ನಿಮ್ಮ ಹೆಸರು ಯಾರೂ ಮುಟ್ಟಿಲ್ಲ. ಇದರ ಕೆಳಗೆ ಅದನ್ನು ಹಾಕ್ತೀರಾ?"

"ಸರ್, ನಾ ಆ ಮನಿ ನೋಡಿಲ್ಲರೀ. ಆ ಪತ್ರಾದ ಕೆಳಗ ಕುಂತಿಲ್ಲ."

ಅವರು ಕಾಗದ ನೋಡಿದರು. "ಹೌದು" ಎಂದರು. "ಅದೂ ಹೌದು." ಅಂಗೈಯ ಬೆವರು ಕಾಗದದ ಅಂಚಿಗೆ ತಾಗಿತ್ತು.

ನನಗೆ ತಿಳಿದಷ್ಟನ್ನು ನನ್ನ ಹೆಸರಿನಲ್ಲಿ ಬರೆದು ನನ್ನ ವಿಳಾಸದಿಂದ ಕಳಿಸಿದೆ. ಅವಳು ಗಣಿತದಲ್ಲಿ ನಿಧಾನ, ಆದರೆ ತಿಳಿಯದೆ ಮುಂದಿನ ಹೆಜ್ಜೆ ಇಡುತ್ತಿರಲಿಲ್ಲ. ಅವಳ ಗೈಡು ಅವಳ ಕೆಲಸವನ್ನು ಕಣ್ಣಾರೆ ಕಂಡು ನನಗೆ ಹೇಳಿದ್ದಾರೆ. ಆ ಎರಡನೆಯ ವಾಕ್ಯದ ಬೆಲೆ ಏನೆಂದು ನನಗೆ ಗೊತ್ತಿತ್ತು.

ಮಾರ್ಚಿನಲ್ಲಿ ಇಲ್ಲವೆಂದು ಬಂತು. ಕಾರಣ ಕೊಟ್ಟಿರಲಿಲ್ಲ. ಅಂಕ ಕಡಿಮೆಯಾಯಿತೋ, ಪತ್ರಗಳೋ, ಅವಳಿಗಿಂತ ಯೋಗ್ಯರು ಯಾರಾದರೂ ಇದ್ದರೋ, ನಾನು ಹೇಳಲಾರೆ. ಆ ಪ್ರಾಧ್ಯಾಪಕರೂ ವಿಷಾದಿಸಿ ಒಂದು ಸಾಲು ಬರೆದಿದ್ದರು, ಅಷ್ಟೆ. ಸವಿತಾ ಕಲ್ಯಾಣದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಲು ಸೇರಿದಳು. ಮುಂದಿನ ವರ್ಷ ಮತ್ತೆ ಹಾಕು ಎಂದೆ. ಹಾಂ ಎಂದಳು. ಹಾಕಲಿಲ್ಲ.

ಆ ಖಾತೆಯ ಪಾಸ್‌ವರ್ಡ್ ಬದಲಿಸಿ ಸರ್ ಎಂದು ಅವರಿಗೆ ಹೇಳಿದೆ. ಗಾಡಿ ರಬಾಳೆ ದಾಟುತ್ತಿತ್ತು. "ಈ ವರ್ಷದ ಮಕ್ಕಳ ಅರ್ಜಿ ಅದರಲ್ಲಿ ಅರ್ಧಕ್ಕೆ ನಿಂತದ್ದು ಉಂಟು. ಬದಲಿಸಿದ್ರೆ ಅವರು ಎಲ್ಲಿಗೆ ಹೋಗ್ಬೇಕು?" ಎಂದರು. ಮುಂದಿನ ನವೆಂಬರಿನಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಓಡಿ ಬಂದು ನಿಮ್ಮ ಕಡೆಯಿಂದ ಕಳಿಸಿದೆ ಎಂದಾಗ, ಬೇರೆ ಯಾರನ್ನಾದರೂ ಕೇಳು, ನನ್ನ ಸಹಿ ಈಗ ಓಡುವುದಿಲ್ಲ ಎಂದರು. ಅವನು ತಮಾಷೆ ಎಂದುಕೊಂಡು ನಕ್ಕು ಹೋದ. ಆ ವರ್ಷವೇ ಅವರು ನಿವೃತ್ತರಾದರು. ನನಗೆ ಕಿಟಕಿಯ ಎದುರಿನ ಸೀಟು ಸಿಗುವುದು ನಿಂತಿತು.

ಅವರು ತೀರಿಕೊಂಡ ಕೆಲವು ದಿನಗಳ ಮೇಲೆ ನಾನು ಅವರ ಮನೆಗೆ ಹೋಗುವವಳಿದ್ದೆ. ವಾಟ್ಸಾಪ್ ಗುಂಪು ಪರದೇಶಕ್ಕೆ ಹೋದವರು ಮಾಡಿದ್ದು, ಸವಿತಾ ಅದರಲ್ಲಿರಲಿಲ್ಲ. ನಾನೇ ಫೋನ್ ಮಾಡಿ ಸುದ್ದಿ ಹೇಳಿದೆ. ಅವಳು ಕ್ಲಾಸು ಬಿಟ್ಟು ಡೊಂಬಿವಲಿಗೆ ಬಂದಳು. ಇಬ್ಬರೂ ಹೋದೆವು.

ಅವರ ಹೆಂಡತಿ ನೀರು ಕೊಟ್ಟು ನಮ್ಮೆದುರು ಕೂತರು. ಸವಿತಾಳನ್ನು ಅವರು ನೋಡಿರಲಿಲ್ಲ. "ನೀನೂ ಅವರ ಸ್ಟೂಡೆಂಟಾ?" ಎಂದು ಕೇಳಿದರು. ಅವಳು ಹಾಂ ಎಂದಳು.

"ಎಷ್ಟು ಮಂದಿ ಫೋನ್ ಮಾಡಿದ್ರು. ಎಲ್ಲ ಅಲ್ಲಿಂದಲೇ" ಎಂದರು. ಆಮೇಲೆ ಊಟದ ಮೇಜಿನ ಕಡೆ ನೋಡಿ ನನಗೆ ಹೇಳಿದರು. "ಇವರು ಕೂತು ಬರೆದದ್ದು ಒಬ್ಬಳಿಗೆ ಮಾತ್ರ ಮೇಡಮ್. ವಿಠ್ಠಲವಾಡಿಯ ಹುಡುಗಿ, ಹೆಸರು ಮರ್ತೇ ಹೋಯ್ತು. ಮನೆಯ ಮಾಡಿಗೆ ಎಂತದೋ ಮಾಡಿದ್ದಳಂತೆ. ಅನ್ನ ಬಡಿಸಿದ್ರೂ ಕಾಗದ ತೆಗೀತಿರ್ಲಿಲ್ಲ, ನಾನು ಬೈದಿದ್ದೆ. ಕಡೆಗೆ ಅವಳು ಪರದೇಶಕ್ಕೆ ಹೋದಳು ಅಂತ ಬಂದು ಹೇಳಿದ್ರು. ಆ ದಿನ ಪಾಯಸ ಮಾಡು ಅಂದ್ರು, ಮಾಡಿದೆ."

ನಾನು ನೆಲ ನೋಡಿದೆ. ಪಾಯಸದ ದಿನ ಯಾವುದಿರಬಹುದು ಎಂದು ಲೆಕ್ಕ ಹಾಕುವುದು ಬೇಡವೆನಿಸಿತು.

"ಅವಳಿಗೆ ಸುದ್ದಿ ಮುಟ್ಟಿತೋ ಇಲ್ವೋ" ಎಂದರು. "ಅಷ್ಟು ದೂರದಿಂದ ಬರ್ಲಿಕ್ಕೆ ಆಗ್ತದಾ? ಫೋನಾದ್ರೂ ಮಾಡ್ತಿದ್ದಳು."

ಸವಿತಾ ಲೋಟ ಕೆಳಗಿಟ್ಟಳು. ಅಲ್ಲಿಯವರೆಗೂ ಹಿಂದಿಯಲ್ಲಿ ಹಾಂ ಎಂದು ತಲೆಯಾಡಿಸುತ್ತಿದ್ದವಳು ಕನ್ನಡದಲ್ಲಿ ಹೇಳಿದಳು. "ಮುಟ್ಟ್ಯಾದ್ರಿ ಆಂಟಿ. ಅಕಿಗೆ ಗೊತ್ತಾಗ್ಯಾದ. ಭಾಳ ಅತ್ತಳಂತ."

"ಹೌದಾ" ಎಂದರು ಅವರು. "ಚೆನ್ನಾಗಿದ್ದಾಳಾ?"

"ಚಂದ ಅದಾಳ್ರಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಸಾಕು ಎಂಬಂತೆ ನಮಗೆ ಚಹಾ ಮಾಡಲು ಎದ್ದರು.

ಸ್ಟೇಷನ್ನಿಗೆ ನಡೆದೆವು. ಅಂಬರನಾಥ ಗಾಡಿ ಬರುವುದರಲ್ಲಿತ್ತು, ಅವಳು ಅದರಲ್ಲಿ ಹೋಗಿ ವಿಠ್ಠಲವಾಡಿಯಲ್ಲಿ ಇಳಿಯಬೇಕು. ಮನೆಯ ಪತ್ರಾದ ಕೆಳಗಿನ ಗೋಣಿಗಳು ಇನ್ನೂ ಇವೆಯೇ ಎಂದು ಕೇಳಿದೆ. ಒಂದು ಮಳೆಯಲ್ಲಿ ನೆಂದು ಕೊಳೆತವು, ತಂದೆ ಬಿಚ್ಚಿಹಾಕಿದರು ಎಂದಳು. ಗಾಡಿ ಕಾಣಿಸಿತು. ಜನ ಮುಂದೆ ಸರಿದರು. ಅವಳು ಬ್ಯಾಗನ್ನು ಎದೆಗೆ ಹಾಕಿಕೊಂಡು ನನ್ನ ಕಡೆ ತಿರುಗಿದಳು.

"ಮ್ಯಾಡಮ್, ಸರ್ ನನ್ನ ಯಾವ ದೇಶಕ್ಕ ಕಳಿಸಿದ್ರೋ ಏನೋ. ಆಂಟೀನ ಕೇಳ್ಬೇಕಿತ್ತು."